ನೀರಿನಿಂದ ಹೊರಬಿದ್ದ ಸೆನ್ಸರ್: ಕೊಥ್ರೂಡಿನ ಒಂದು ಡಿಸ್ಕಸ್ ಟ್ಯಾಂಕಿನ ಪ್ರಕರಣ

ಮೀನಿನ ಟ್ಯಾಂಕ್ ನಾಲ್ಕು ಅಡಿ ಉದ್ದ. ಅಗಲ, ಎತ್ತರ ಎರಡೂ ಒಂದೂವರೆ ಅಡಿ. ಮರಳು, ಕಟ್ಟಿಗೆ, ಮೇಲೆ ಖಾಲಿ ಬಿಟ್ಟ ಜಾಗ ಎಲ್ಲ ಕಳೆದರೆ ಸುಮಾರು 200 ಲೀಟರ್ ನೀರು. ಒಳಗೆ ಏಳು ಡಿಸ್ಕಸ್ ಮೀನು, ಕಾರ್ಡಿನಲ್ ಟೆಟ್ರಾ ಎಂಬ ಪುಟ್ಟ ಮೀನುಗಳ ಒಂದು ಹಿಂಡು, ಗಾಜಿಗೆ ಅಂಟಿಕೊಂಡಿರುವ ಒಂದು ಪ್ಲೆಕೋ ಮೀನು. ಮನೆ ಪುಣೆಯ ಕೊಥ್ರೂಡಿನಲ್ಲಿ. ಮನೆಯವರು ಧಾರವಾಡದ ಕಡೆಯಿಂದ ಬಂದು ಇಲ್ಲೇ ನೆಲೆಸಿದ ಗೆಳೆಯರು. ಕೆಲಸ ಬೇರೆಯೇ ಆದರೂ ರಾತ್ರಿ ಕೂತು ಸರ್ಕ್ಯೂಟ್ ಜೋಡಿಸುವ ಹುಚ್ಚು ಅವರಿಗಿದೆ.

ಮುಂಬೈಯಲ್ಲಿರುವ ನಮ್ಮ ನೆಂಟರಿಗೆ ಮೀನಿನ ತೊಟ್ಟಿಗೆ ಹೀಟರ್ ಅಂದರೆ ನಗು. ಅಲ್ಲಿ ಸಮುದ್ರವೇ ಚಳಿಯನ್ನು ತಡೆಯುತ್ತದೆ. ಪುಣೆ ಹಾಗಲ್ಲ. ಊರು ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಹೊರಗೆ 10 ಡಿಗ್ರಿ ಆಸುಪಾಸಿಗೆ ಇಳಿಯುವುದು ಮಾಮೂಲು. ಆಗ ಮನೆಯೊಳಗೆ 18, 19 ಇರುತ್ತದೆ. ಡಿಸ್ಕಸ್ ಅಮೆಜಾನಿನ ಬಿಸಿ ನೀರಿನ ಮೀನು. ಅದಕ್ಕೆ 28ರಿಂದ 30 ಬೇಕು. ಅಂದರೆ ಚಳಿಗಾಲದ ರಾತ್ರಿಯಿಡೀ ಕೋಣೆಗಿಂತ ಒಂಬತ್ತು ಡಿಗ್ರಿ ಹೆಚ್ಚು ಬಿಸಿ ಹಿಡಿದಿಡಬೇಕು.

ಇದಕ್ಕೆ ಅವರು 300 ವ್ಯಾಟಿನ ಒಂದೇ ಗಾಜಿನ ಹೀಟರ್ ಹಾಕಿದ್ದರು. ಅದನ್ನು ನಡೆಸುವ ಕಂಟ್ರೋಲರ್ ಅಂದರೆ ಪ್ರೋಗ್ರಾಂ ಓಡಿಸುವ ಪುಟ್ಟ ಇಎಸ್‌ಪಿ32 ಬೋರ್ಡ್, ಕರೆಂಟ್ ಕೊಟ್ಟು ಕಡಿಯುವ ಒಂದು ರಿಲೇ, ತಾಪ ಅಳೆಯಲು ನೀರಿಗಿಳಿಸಿದ ಡಿಎಸ್18ಬಿ20 ಸೆನ್ಸರ್. ಎಲ್ಲ ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲಿ ಸಿಗುವ ಸಾಮಾನು. ಪ್ರೋಗ್ರಾಂ ಎರಡೇ ಸಾಲಿನದು. ತಾಪ 27.8ಕ್ಕಿಂತ ಕಡಿಮೆಯಾದರೆ ರಿಲೇ ಆನ್. 28.2 ದಾಟಿದರೆ ಆಫ್. ಜೊತೆಗೆ ಮೊಬೈಲಿಗೆ ಗ್ರಾಫ್, 26ಕ್ಕಿಂತ ಕೆಳಗಿಳಿದರೆ ಒಂದು ಎಚ್ಚರಿಕೆ. ಇಟ್ಟ ತಾಪಕ್ಕೆ ಬಂದಾಗ ತಾನೇ ಕರೆಂಟ್ ಕಡಿಯುವ ಹೀಟರಿನ ಸ್ವಂತ ಥರ್ಮೋಸ್ಟಾಟ್ ಅಡ್ಡ ಬರಬಾರದು ಅಂತ ಅದರ ತಿರುಗಣಿಯನ್ನು ಕೊನೆಯವರೆಗೆ, 34ಕ್ಕೆ ತಿರುಗಿಸಿಟ್ಟಿದ್ದರು. ಹೀಗೆ ಒಂದು ಚಳಿಗಾಲ ಪೂರ್ತಿ ಚೆನ್ನಾಗಿಯೇ ನಡೆದಿತ್ತು.

ಎರಡನೇ ಚಳಿಗಾಲದ ಒಂದು ಗುರುವಾರ ಕೆಟ್ಟಿತು. ಪುಣೆಯಲ್ಲಿ ಗುರುವಾರ ಅಂದರೆ ರಿಪೇರಿ ಕೆಲಸಕ್ಕೆ ಕರೆಂಟ್ ತೆಗೆಯುವ ದಿನ. ಅವತ್ತು ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅವರ ಬೀದಿಯಲ್ಲಿ ಕರೆಂಟ್ ಇರಲಿಲ್ಲ. ಮನೆಯವರು ಮದುವೆಗೆಂದು ಹುಬ್ಬಳ್ಳಿಗೆ ಹೋಗಿದ್ದರು. ಪಂಪ್ ನಿಂತಿದೆ, ಸರಿಯಾದ ಹೊತ್ತು ಅಂದುಕೊಂಡು ಮಗ ಮಧ್ಯಾಹ್ನ ಐದನೇ ಒಂದು ಭಾಗ ನೀರು ಬದಲಿಸಿದ. ಸೈಫನ್ ಪೈಪ್ ಸೆನ್ಸರಿನ ವಯರಿಗೆ ಸಿಕ್ಕಿಕೊಂಡಿತು. ಗಾಜಿಗೆ ಹಿಡಿದಿದ್ದ ರಬ್ಬರ್ ಕಪ್ ಹಳತಾಗಿತ್ತು, ಬಿಟ್ಟುಕೊಂಡಿತು. ಸೆನ್ಸರ್ ಟ್ಯಾಂಕಿನ ಹಿಂದೆ, ಗೋಡೆಗೂ ಗಾಜಿಗೂ ನಡುವೆ ನೇತಾಡತೊಡಗಿತು. ಅದು ಅವನ ಕಣ್ಣಿಗೆ ಬೀಳುವ ಜಾಗವಲ್ಲ.

ಸಂಜೆ ಐದಕ್ಕೆ ಕರೆಂಟ್ ಬಂತು. ಕಂಟ್ರೋಲರ್ ಎದ್ದು ಮೊದಲ ರೀಡಿಂಗ್ ಕೊಟ್ಟಿತು: 21.4. ಅದು ಕೋಣೆಯ ಗಾಳಿಯ ತಾಪ. ಕಂಟ್ರೋಲರಿಗೆ ಅದೇ ನೀರು. ಹೀಟರ್ ಆನ್ ಆಯಿತು.

ಹುಬ್ಬಳ್ಳಿಯಲ್ಲಿ ಮೊಬೈಲ್ ಎಚ್ಚರಿಕೆ ಕೊಟ್ಟಿತು: ನೀರು ತಣ್ಣಗಾಗಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ದಿನವಿಡೀ ಕರೆಂಟ್ ಇಲ್ಲ, ಮೇಲೆ ತಣ್ಣೀರು ಬೇರೆ ಹಾಕಿದ್ದಾನೆ, ಇಳಿದೇ ಇಳಿಯುತ್ತದೆ ಅಲ್ವಾ? ರಾತ್ರಿ ಊಟದ ಹೊತ್ತಿಗೆ ಮತ್ತೆ ನೋಡಿದರೆ 19.6. ಹೀಟರ್ ಆನ್ ಇದ್ದರೂ ಇಳಿಯುತ್ತಿದೆ ಅಂದರೆ ಚಳಿ ಜಾಸ್ತಿ ಇರಬೇಕು ಅಂದುಕೊಂಡರು. ಮಗನಿಗೆ ಫೋನ್ ಮಾಡಿ, ಟ್ಯಾಂಕಿನ ಮೇಲೊಂದು ಚಾದರ ಹೊದಿಸು ಅಂದರು. ಅವನು ದಪ್ಪ ಸೋಲಾಪುರ ಚಾದರವನ್ನೇ ಹೊದಿಸಿದ.

ಬೆಳಗ್ಗೆ ಏಳರ ಹೊತ್ತಿಗೆ ಚಾದರ ತೆಗೆದರೆ ಟೆಟ್ರಾಗಳು ಹೆಚ್ಚು ಕಡಿಮೆ ಎಲ್ಲ ಸತ್ತಿದ್ದವು. ಪ್ಲೆಕೋ ಕೂಡ. ಡಿಸ್ಕಸ್ ಮೇಲ್ಭಾಗಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಗಾಜಿನ ಥರ್ಮಾಮೀಟರ್ 34 ತೋರಿಸುತ್ತಿತ್ತು. ಮಗ ಗಾಬರಿಯಲ್ಲೂ ಒಂದು ಒಳ್ಳೆಯ ಕೆಲಸ ಮಾಡಿದ. ಪ್ಲಗ್ ಕಿತ್ತು, ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿದ. ಐಸ್ ಸುರಿಯಲಿಲ್ಲ. ಸ್ವಲ್ಪ ಸ್ವಲ್ಪವೇ ನಲ್ಲಿ ನೀರು ಬದಲಿಸುತ್ತ ಗಂಟೆಗೆ ಒಂದು ಡಿಗ್ರಿಯಂತೆ ಇಳಿಸಿದ. ಒಂದು ಡಿಸ್ಕಸ್ ಸಂಜೆ ಹೋಯಿತು, ಆರು ಉಳಿದವು.

ನನ್ನನ್ನು ಕರೆದದ್ದು ಆಮೇಲೆ. ಅಷ್ಟು ಹೊತ್ತಿಗೆ ಮನೆಯಲ್ಲಿ ಎರಡು ತೀರ್ಪು ಆಗಿದ್ದವು. ಮಗನ ಪ್ರಕಾರ ಹೀಟರ್ ಕೆಟ್ಟಿದೆ. ತಂದೆಯ ಪ್ರಕಾರ ಮನೆಯಲ್ಲಿ ಮಾಡಿದ ಕಂಟ್ರೋಲರನ್ನು ನಂಬಬಾರದು, ದುಬಾರಿಯದನ್ನು ತರಿಸಬೇಕು. ಎರಡೂ ತಪ್ಪು ಅಂತ ಗ್ರಾಫ್ ನೋಡಿದರೆ ಗೊತ್ತಾಗುತ್ತಿತ್ತು.

ಹೀಟರ್ ಕೆಟ್ಟಿರಲಿಲ್ಲ. ಹೇಳಬೇಕೆಂದರೆ ಆರು ಮೀನು ಉಳಿಸಿದ್ದೇ ಅದು. 34ಕ್ಕೆ ಬಂದಾಗ ಅದರೊಳಗಿನ ಅಗ್ಗದ ಬೈಮೆಟಲ್ ಥರ್ಮೋಸ್ಟಾಟ್ ತಾನೇ ಕಡಿತ ಮಾಡಿತ್ತು. ಕಂಟ್ರೋಲರ್ ಬೆಳಗಿನವರೆಗೂ ಆನ್ ಅಂತಲೇ ಹೇಳುತ್ತಿತ್ತು.

ದುಬಾರಿ ಕಂಟ್ರೋಲರ್ ಇದ್ದಿದ್ದರೂ, ಅದರಲ್ಲಿ ಅದೇ ಎರಡು ಸಾಲು ಬರೆದಿದ್ದರೆ ಇದೇ ಆಗುತ್ತಿತ್ತು. ಇಷ್ಟಕ್ಕಿಂತ ಕಡಿಮೆಯಾದರೆ ಆನ್ ಅನ್ನುವ ಸಾಲಿನಲ್ಲೇ ತೊಂದರೆ ಇದೆ. ಅದು ಸೆನ್ಸರ್ ಹೇಳಿದ್ದನ್ನೆಲ್ಲ ಒಪ್ಪಿಕೊಳ್ಳುತ್ತದೆ. ಈ ಸೆನ್ಸರಿನ ವಯರ್ ಕಡಿದುಹೋದರೆ ಅದನ್ನು ಓದಲು ಸಾಮಾನ್ಯವಾಗಿ ಬಳಸುವ ಸಿದ್ಧ ಕೋಡ್, ಅಂದರೆ ಲೈಬ್ರರಿ, ಮೈನಸ್ 127 ಅಂತ ಉತ್ತರ ಕೊಡುತ್ತದೆ. 127 ಡಿಗ್ರಿ ಚಳಿ! 27.8ಕ್ಕಿಂತ ಕಡಿಮೆ ತಾನೇ? ಹೀಟರ್ ಆನ್. ಪ್ರೋಗ್ರಾಂ ಬರೆಯುವವರು ಇದನ್ನು ಬೇಗ ಕಲಿಯುತ್ತಾರೆ, ಒಂದು ಸಾಲು ಸೇರಿಸಿ ತಡೆಯುತ್ತಾರೆ. ಇದಕ್ಕೆ ತಿರುವು ಮುರುವಾಗಿ, ಕರೆಂಟ್ ಬಂದ ತಕ್ಷಣ ಅಳತೆ ಮುಗಿಯುವ ಮೊದಲೇ ಓದಿದರೆ ಅದೇ ಸೆನ್ಸರ್ 85 ಅನ್ನುತ್ತದೆ. ಅದೂ ಸುಲಭವಾಗಿ ಹಿಡಿಯಬಹುದಾದ ಸುಳ್ಳು. 21.4 ಹಾಗಲ್ಲ. ಅದು ನಂಬುವಂಥ ಸುಳ್ಳು. ಮನುಷ್ಯನೇ ನಂಬಿ ಚಾದರ ಹೊದಿಸಿದ ಮೇಲೆ ಎರಡು ಸಾಲಿನ ಪ್ರೋಗ್ರಾಂ ನಂಬದೆ ಇರುತ್ತದೆಯೇ?

ಆದರೆ ನೀರಿನ ಲೆಕ್ಕ ಹಾಕಿದರೆ ಈ ಸುಳ್ಳು ನಿಲ್ಲುವುದಿಲ್ಲ.

ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 4.19 ಕಿಲೋಜೂಲ್ ಬೇಕು. ಇಳಿಯುವಾಗ ಅಷ್ಟೇ ಹೊರಗೆ ಹೋಗಬೇಕು. ಈ ಟ್ಯಾಂಕ್ ಎಷ್ಟು ಬೇಗ ಬಿಸಿ ಕಳೆದುಕೊಳ್ಳುತ್ತದೆ ಅಂತ ಅಳೆಯಲು ಒಂದು ರಾತ್ರಿ ಹೀಟರ್ ಆಫ್ ಮಾಡಿ, ಪಂಪ್ ಮಾತ್ರ ಓಡಿಸಿ ನೋಡಿದೆವು. ನೀರು 28, ಕೋಣೆ 19. ಮೊದಲ ಗಂಟೆಯಲ್ಲಿ ಅರ್ಧ ಡಿಗ್ರಿ ಇಳಿಯಿತು. 200 ಲೀಟರಿಗೆ ಅದು 116 ವ್ಯಾಟ್ ಆಗುತ್ತದೆ. ಒಂಬತ್ತು ಡಿಗ್ರಿ ಅಂತರಕ್ಕೆ 116 ಅಂದರೆ ಪ್ರತಿ ಡಿಗ್ರಿ ಅಂತರಕ್ಕೆ ಸುಮಾರು 13 ವ್ಯಾಟ್. ಈ ಒಂದು ಅಂಕಿ ಕೈಗೆ ಸಿಕ್ಕರೆ ಮುಂದಿನದೆಲ್ಲ ಕಾಗದದ ಮೇಲೆ ಮಾಡಬಹುದು. ಹೀಟರ್ ಕೊಳ್ಳುವ ಮೊದಲು ಯಾರೂ ಇದನ್ನು ಅಳೆಯುವುದಿಲ್ಲ. ಲೀಟರಿಗೆ ಒಂದು ವ್ಯಾಟ್ ಅನ್ನೋ ಅಂಗಡಿ ಲೆಕ್ಕದಲ್ಲೇ ಕೊಳ್ಳುತ್ತಾರೆ, ಧೈರ್ಯಕ್ಕೆ ಇನ್ನೊಂದು ಸೈಜ್ ದೊಡ್ಡದು.

ಮೊದಲು ಆ 21.4ಕ್ಕೆ ಬರೋಣ. 28ರಿಂದ ಅಲ್ಲಿಗೆ ಇಳಿಯಲು ನೀರಿನಿಂದ ಒಂದೂವರೆ ಯೂನಿಟ್ ಕರೆಂಟಿನಷ್ಟು ಶಾಖ ಹೊರಗೆ ಹೋಗಬೇಕು. ಏಳು ಗಂಟೆ ಕರೆಂಟ್ ಇಲ್ಲದಿದ್ದರೂ, ತಣ್ಣೀರು ಹಾಕಿದ್ದನ್ನು ಸೇರಿಸಿದರೂ ಅದರ ಅರ್ಧ ಹೋಗಿರಬಹುದು ಅಷ್ಟೇ. ನಿಜವಾದ ನೀರು ಸಂಜೆ ಐದಕ್ಕೆ 25ರ ಹತ್ತಿರ ಇತ್ತು. ಅಲ್ಲಿಂದ 300 ವ್ಯಾಟ್ ನಿಲ್ಲದೆ ಉರಿದರೆ 34 ಮುಟ್ಟಲು ಹದಿಮೂರು ಹದಿನಾಲ್ಕು ಗಂಟೆ ಸಾಕು. ಸರಿಯಾಗಿ ಬೆಳಗಿನ ಏಳರ ಹೊತ್ತು.

ಥರ್ಮೋಸ್ಟಾಟ್ ಕೂಡ ಕೈಕೊಟ್ಟಿದ್ದರೆ ಎಲ್ಲಿಗೆ ಹೋಗಿ ನಿಲ್ಲುತ್ತಿತ್ತು? 300ನ್ನು 13ರಿಂದ ಭಾಗಿಸಿದರೆ 23. ಕೋಣೆಯ 19ಕ್ಕೆ ಸೇರಿಸಿದರೆ 42. ನೀರು ಬಿಸಿಯಾದಂತೆ ಆವಿಯೂ ಹೆಚ್ಚುವುದರಿಂದ ನಿಜದಲ್ಲಿ ಸ್ವಲ್ಪ ಕಡಿಮೆ ಇರಬಹುದು. ಮೀನಿಗೆ ಆ ವ್ಯತ್ಯಾಸದಿಂದ ಏನೂ ಲಾಭವಿಲ್ಲ.

ಬಿಸಿ ನೀರಿನಲ್ಲಿ ಮೀನು ಬಾಯಿ ಬಿಡುವುದು ಉಸಿರಿಗಾಗಿ. ಸಮುದ್ರ ಮಟ್ಟದಲ್ಲಿ 28 ಡಿಗ್ರಿಯ ನೀರು ಲೀಟರಿಗೆ ಹೆಚ್ಚೆಂದರೆ 7.8 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. 34ರಲ್ಲಿ ಅದು ಸುಮಾರು 7. ಪುಣೆಯ ಎತ್ತರಕ್ಕೆ ಇನ್ನೂ ಸ್ವಲ್ಪ ಕಡಿಮೆ. ಇದು ಅಂಥ ದೊಡ್ಡ ಇಳಿಕೆ ಅಲ್ಲ. ಆದರೆ ಅದೇ ಹೊತ್ತಿಗೆ ಮೀನಿಗೂ ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಆಮ್ಲಜನಕ ಹೆಚ್ಚು ಬೇಕಾಗುತ್ತದೆ. ಮೇಲೆ ಚಾದರ ಬೇರೆ.

ಈ ಲೆಕ್ಕದಿಂದ ಮೊದಲ ತೀರ್ಮಾನ ಪ್ರೋಗ್ರಾಂ ಬಗ್ಗೆ ಅಲ್ಲ, ಹೀಟರ್ ಬಗ್ಗೆ ಬಂತು. 300 ತೆಗೆದು 100 ವ್ಯಾಟಿನ ಎರಡು ಹಾಕಿದೆವು. ಎರಡೂ ಸೇರಿದರೆ ಕೋಣೆಗಿಂತ 15 ಡಿಗ್ರಿ ಮೇಲೆ ಹಿಡಿಯಬಲ್ಲವು. ಕೋಣೆ 16ಕ್ಕೆ ಇಳಿದರೂ ಸಾಕು. ಒಂದು ಸುಟ್ಟುಹೋದರೆ ಇನ್ನೊಂದು 26, 27ರ ಹತ್ತಿರ ನಿಲ್ಲಿಸುತ್ತದೆ. ಒಂದರ ರಿಲೇ ಅಂಟಿಕೊಂಡು ಆಫ್ ಆಗದೆ ಉಳಿದರೆ? ಅದೇ 26, 27. ಚಳಿಗಾಲದಲ್ಲಿ ಅದು ಅಪಾಯವೇ ಅಲ್ಲ. ಯಾವ ಪ್ರೋಗ್ರಾಂ ಬರೆದರೂ ಇಷ್ಟು ಗಟ್ಟಿಯಾದ ಕಾವಲು ಸಿಗುವುದಿಲ್ಲ.

ಎರಡಕ್ಕೂ ಬೇರೆ ಬೇರೆ ರಿಲೇ. ಸ್ವಂತ ತಿರುಗಣಿಗಳನ್ನು 29.5ರ ಹತ್ತಿರ ಇಟ್ಟೆವು. ಕಂಟ್ರೋಲರ್ 28.2ಕ್ಕೆ ಆಫ್ ಮಾಡುವುದರಿಂದ ದಿನನಿತ್ಯ ಅವು ಕೆಲಸ ಮಾಡುವುದೇ ಇಲ್ಲ. ಆದರೆ ಕಾಯುತ್ತಿರುತ್ತವೆ. ತಿರುಗಣಿಯ ಮೇಲಿನ ಅಂಕಿಯನ್ನು ಸುಮ್ನೆ ನಂಬಬೇಡಿ. ನೀರಿನಲ್ಲಿಟ್ಟು, ಗಾಜಿನ ಥರ್ಮಾಮೀಟರ್ ನೋಡಿ, ಎಲ್ಲಿ ದೀಪ ಆರುತ್ತದೆ ಅಂತ ಗುರುತು ಹಾಕಿಕೊಳ್ಳಿ.

ಇದರ ಮೇಲೆ ಎಸ್‌ಟಿಸಿ-1000 ಎಂಬ ಸಣ್ಣ ಥರ್ಮೋಸ್ಟಾಟ್ ಡಬ್ಬಿ. ಕಡಿಮೆ ದುಡ್ಡಿಗೆ ಸಿಗುತ್ತದೆ, ತನ್ನದೇ ಸೆನ್ಸರ್ ಇದೆ, ವೈಫೈ ಗೊತ್ತಿಲ್ಲ. ಅದನ್ನು ರಿಲೇಗಳ ಹಿಂದೆ ಸರಣಿಯಲ್ಲಿ ಕೂರಿಸಿ 30ಕ್ಕೆ ಕಡಿಯುವಂತೆ ಇಟ್ಟೆವು. ಕರೆಂಟ್ ಹೀಟರಿಗೆ ಹೋಗಬೇಕಾದರೆ ಇಬ್ಬರೂ ಹೂಂ ಅನ್ನಬೇಕು. ಇಎಸ್‌ಪಿ32 ಪೂರ್ತಿ ತಲೆಕೆಟ್ಟರೂ ಈ ಡಬ್ಬಿಗೆ ಸಂಬಂಧವಿಲ್ಲ. ಗೆಳೆಯರಿಗೆ ಇದು ಇಷ್ಟವಾಗಲಿಲ್ಲ. ತಾನು ಬರೆದ ಕೋಡಿನ ಮೇಲೆ ಬಜಾರಿನ ಡಬ್ಬಿಯೊಂದು ಮೇಸ್ತ್ರಿಯಾಗಿ ಕೂತರೆ ಯಾರಿಗೆ ತಾನೇ ಇಷ್ಟ?

ಈಗ ಪ್ರೋಗ್ರಾಂ. ಅಪೆಕ್ಸ್‌ನಂಥ ದೊಡ್ಡ ಕಂಟ್ರೋಲರುಗಳಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ, ಕೊನೆಯಲ್ಲಿ ನಿಜವಾದ ಸಾಲೇ ಗೆಲ್ಲುತ್ತದೆ. ಹಾಗಾಗಿ ಆನ್ ಮಾಡುವ ಸಾಲು ಮೇಲೆ, ಬೇಡ ಅನ್ನುವ ಸಾಲುಗಳೆಲ್ಲ ಕೆಳಗೆ. ಮುಖ್ಯ ಯಂತ್ರದ ಜೊತೆ ಸಂಪರ್ಕ ಕಡಿದರೆ ಆ ಪ್ಲಗ್ ಏನು ಮಾಡಬೇಕು ಅಂತ ಹೇಳಲು ಫಾಲ್‌ಬ್ಯಾಕ್ ಅಂತ ಬೇರೆ ಸಾಲೇ ಇದೆ. ಹೀಟರಿಗೆ ಅದು ಆಫ್ ಅಂತಿರಬೇಕು. ನಾವು ಇದೇ ಕ್ರಮ ತೆಗೆದುಕೊಂಡೆವು. ಪ್ರತಿ ಸುತ್ತಿನಲ್ಲೂ ಹೀಟರ್ ಆಫ್ ಅಂತಲೇ ಶುರು. ಎಲ್ಲ ಪರೀಕ್ಷೆ ದಾಟಿದರೆ ಮಾತ್ರ ಆನ್. ಹಳೆಯ ಪ್ರೋಗ್ರಾಂ ಯಾವಾಗ ಆನ್ ಮಾಡಬೇಕು ಅಂತ ಮಾತ್ರ ಕೇಳುತ್ತಿತ್ತು. ಆನ್ ಆಗಿಯೇ ಇರಲು ಇನ್ನೂ ಕಾರಣ ಇದೆಯೇ ಅಂತ ಹೊಸದು ಪದೇ ಪದೇ ಕೇಳುತ್ತದೆ.

ಮೊದಲ ಪರೀಕ್ಷೆ ಸುಲಭದ್ದು. 15ಕ್ಕಿಂತ ಕಡಿಮೆ, 40ಕ್ಕಿಂತ ಹೆಚ್ಚು ಯಾವ ರೀಡಿಂಗೂ ನೀರಿನದಲ್ಲ. ಮೈನಸ್ 127, 85 ಎರಡೂ ಇಲ್ಲೇ ಬಿದ್ದುಹೋಗುತ್ತವೆ.

ಎರಡನೆಯದು ವೇಗ. 200 ವ್ಯಾಟ್ ಈ ನೀರನ್ನು ಗಂಟೆಗೆ 0.86 ಡಿಗ್ರಿಗಿಂತ ಬೇಗ ಏರಿಸಲಾರದು. ಒಂದು ನಿಮಿಷದಲ್ಲಿ ಅರ್ಧ ಡಿಗ್ರಿ ಆಚೀಚೆ ಆದರೆ ಬದಲಾದದ್ದು ನೀರಲ್ಲ, ಸೆನ್ಸರ್. ಆದರೆ ಆ ಗುರುವಾರ ಈ ಪರೀಕ್ಷೆ ಇದ್ದಿದ್ದರೂ ಪ್ರಯೋಜನ ಇರಲಿಲ್ಲ ಅನ್ನುವುದು ನನಗೆ ಈ ಪ್ರಕರಣದ ಸ್ವಾರಸ್ಯದ ಭಾಗ. ಜಿಗಿತ ಆದದ್ದು ಕರೆಂಟ್ ಇಲ್ಲದ ಹೊತ್ತಿನಲ್ಲಿ. ಬೋರ್ಡ್ ಎದ್ದಾಗ ಅದಕ್ಕೆ ಹಿಂದಿನ ನೆನಪೇ ಇರಲಿಲ್ಲ. ಆದ್ದರಿಂದ ಈಗ ಕೊನೆಯ ಒಪ್ಪಿದ ರೀಡಿಂಗನ್ನು ಆಗಾಗ, ಕರೆಂಟ್ ಹೋದರೂ ಅಳಿಯದ ಫ್ಲ್ಯಾಶ್ ಮೆಮೊರಿಯಲ್ಲಿ ಬರೆದಿಡುತ್ತದೆ. ಎದ್ದ ಮೇಲೆ ನಾಲ್ಕು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಹೀಟರ್ ಮುಟ್ಟುವುದಿಲ್ಲ, ಮನುಷ್ಯರು ಬಂದು ಬಟನ್ ಒತ್ತುವವರೆಗೆ ಕಾಯುತ್ತದೆ. ನೀರು ಬದಲಿಸುವಾಗಲೂ ಒಂದು ಬಟನ್ ಇದೆ. ಒತ್ತಿದರೆ 45 ನಿಮಿಷ ಹೀಟರ್ ಆಫ್. ಬಿಸಿಯಾದ ಗಾಜಿನ ಹೀಟರ್ ನೀರಿನಿಂದ ಹೊರಗೆ ಬಂದರೆ ಒಡೆಯುವುದುಂಟು, ಅದಕ್ಕೂ ಇದು ಬೇಕು.

ಮೂರನೆಯದು ಎರಡನೇ ಸೆನ್ಸರ್. ಒಂದು ಟ್ಯಾಂಕಿನ ಮೂಲೆಯಲ್ಲಿ, ನೀರು ಬದಲಿಸುವಾಗ ಇಳಿಯುವ ಮಟ್ಟಕ್ಕಿಂತ ಕೆಳಗೆ. ಇನ್ನೊಂದು ಫಿಲ್ಟರ್ ಡಬ್ಬಿಯೊಳಗೆ. ರಬ್ಬರ್ ಕಪ್ ಎರಡಕ್ಕೂ ಇಲ್ಲ, ಕ್ಲಿಪ್ ಇದೆ. ಡಿಎಸ್18ಬಿ20 ಅರ್ಧ ಡಿಗ್ರಿ ಆಚೀಚೆ ತೋರಿಸಬಹುದು ಅಂತ ಅದರ ತಯಾರಕರೇ ಹೇಳುತ್ತಾರೆ. ಎರಡನ್ನೂ ಒಂದೇ ಲೋಟ ನೀರಿನಲ್ಲಿಟ್ಟು ಹೊಂದಿಸಿಕೊಂಡೆವು. ಆಮೇಲೂ ಒಂದು ಡಿಗ್ರಿ ವ್ಯತ್ಯಾಸ ಬಂದರೆ ಆಫ್. ಅದಕ್ಕಿಂತ ಕಡಿಮೆ ಇದ್ದರೆ ಹೆಚ್ಚು ತೋರಿಸುವುದನ್ನೇ ನಂಬಬೇಕು. ಸರಾಸರಿ ತೆಗೆಯಬಾರದು. ಸರಾಸರಿಯಲ್ಲಿ ಸುಳ್ಳು ಅರ್ಧ ಸೇರಿಕೊಳ್ಳುತ್ತದೆ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಹೀಟರ್ ಒಂದು ಗಂಟೆ ಉರಿದರೆ ನೀರು ಕನಿಷ್ಠ 0.1 ಡಿಗ್ರಿ ಏರಿರಬೇಕು. ಏರದಿದ್ದರೆ ಆಫ್, ಮತ್ತು ಎಚ್ಚರಿಕೆ. ಕೋಣೆ 16 ಇದ್ದರೂ ಎರಡು ಹೀಟರ್ ಗಂಟೆಗೆ 0.19 ಏರಿಸುತ್ತವೆ, ಹಾಗಾಗಿ 0.1 ನ್ಯಾಯವಾದ ಬೇಡಿಕೆ. ಸೆನ್ಸರ್ ಹೊರಗಿದ್ದರೆ ಏರುವುದಿಲ್ಲ. ಹೀಟರ್ ಸುಟ್ಟಿದ್ದರೆ ಏರುವುದಿಲ್ಲ. ಪಂಪ್ ನಿಂತು ಬಿಸಿ ನೀರು ಒಂದೇ ಕಡೆ ನಿಂತಿದ್ದರೂ ಏರುವುದಿಲ್ಲ. ಅಕ್ಟೋಬರಿನ ಒಂದು ಮಧ್ಯಾಹ್ನ ಊಹಿಸಿಕೊಳ್ಳಿ. ಕೋಣೆಯೇ 27 ಇದೆ, ಎರಡೂ ಸೆನ್ಸರ್ ಹೊರಗೆ ಬಿದ್ದಿವೆ. ಜಿಗಿತ ಇಲ್ಲ, ಮಿತಿ ದಾಟಿಲ್ಲ, ಎರಡು ಸೆನ್ಸರಿಗೂ ಒಂದು ಡಿಗ್ರಿ ವ್ಯತ್ಯಾಸ ಇಲ್ಲ. ಹೀಟರಿಗೆ ಸಾಕ್ಷಿ ಕೇಳುವ ಈ ಪರೀಕ್ಷೆ ಆಗಲೂ ಕೆಲಸ ಮಾಡುತ್ತದೆ. ಆ ಗುರುವಾರ ಇದೊಂದೇ ಇದ್ದಿದ್ದರೂ ಸಂಜೆ ಆರಕ್ಕೆ ಹೀಟರ್ ನಿಂತಿರುತ್ತಿತ್ತು. ಮೊಬೈಲಿಗೆ ಹೋಗುವ ಸಂದೇಶವನ್ನೂ ಬದಲಿಸಿದೆವು. ನೀರು ತಣ್ಣಗಿದೆ ಅನ್ನುವ ಬದಲು, ಹೀಟರ್ ಉರಿಯುತ್ತಿದೆ ಆದರೆ ತಾಪ ಏರುತ್ತಿಲ್ಲ, ಸೆನ್ಸರ್ ನೀರಿನಲ್ಲಿದೆಯೇ ನೋಡಿ ಅನ್ನುತ್ತದೆ. ಆ ಮಾತು ಹೋಗಿದ್ದರೆ ಚಾದರ ಬರುತ್ತಿರಲಿಲ್ಲ.

ಅನುಮಾನ ಬಂದಾಗೆಲ್ಲ ಆಫ್ ಮಾಡಿದರೆ ಮೀನು ಚಳಿಗೆ ಸಾಯುವುದಿಲ್ಲವೇ ಅಂತ ಗೆಳೆಯರು ಕೇಳಿದರು. ಸರಿಯಾದ ಪ್ರಶ್ನೆ. ಕೋಣೆ 19 ಇದ್ದಾಗ ಎಂಟು ಗಂಟೆಯಲ್ಲಿ ಈ ಟ್ಯಾಂಕ್ ಮೂರು ಡಿಗ್ರಿ ಇಳಿದು 25ರ ಹತ್ತಿರ ಬರುತ್ತದೆ. ಡಿಸ್ಕಸ್ ಮುನಿಸಿಕೊಂಡು ಊಟ ಬಿಡಬಹುದು, ಒಂದು ರಾತ್ರಿಗೆ ಸಾಯುವುದಿಲ್ಲ. ಏರುವ ವೇಗ, ಇಳಿಯುವ ವೇಗ ಎರಡರಲ್ಲಿ ಅಂಥ ದೊಡ್ಡ ವ್ಯತ್ಯಾಸ ಇಲ್ಲ, ನಿಜ. ಆದರೆ ಇಳಿಯುವುದು ಕೋಣೆಯ ತಾಪಕ್ಕೆ ಬಂದು ನಿಲ್ಲುತ್ತದೆ. ಏರುವುದು ಹಳೆಯ ಹೀಟರಿನಲ್ಲಿ 42ಕ್ಕೆ ಹೋಗುತ್ತಿತ್ತು. ನಾಲ್ಕು ದಿನ ಊರಿಗೆ ಹೋದರೆ ಏನು ಗತಿ? ಸೆನ್ಸರ್ ಇಲ್ಲದೆಯೂ ಗಂಟೆಗೆ ಅರ್ಧ ಗಂಟೆ ಒಂದು ಹೀಟರ್ ಓಡಿಸುವ ಕುಂಟು ವ್ಯವಸ್ಥೆ ಬರೆಯೋಣ ಅಂದರು. ಬೇಡ ಅಂದೆ. ಕೋಡ್ ಹೆಚ್ಚಾದಷ್ಟೂ ಅದು ತಪ್ಪುವ ಜಾಗಗಳೂ ಹೆಚ್ಚು. ಪಕ್ಕದ ಮನೆಯವರ ಹತ್ತಿರ ಒಂದು ಕೀಲಿ ಕೊಟ್ಟು ಹೋಗಿ.

ರಿಲೇ ಬಗ್ಗೆ ಚಿಕ್ಕದಾಗಿ. 100 ವ್ಯಾಟ್ ಅಂದರೆ 230 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಕೂಡ ಇಲ್ಲ. 10 ಆಂಪಿಯರಿನ ನೀಲಿ ರಿಲೇಗೆ ಅದು ಏನೂ ಅಲ್ಲ. ಅದನ್ನು ಸವೆಸುವುದು ಪಟಪಟ ಆನ್, ಆಫ್. ಅದಕ್ಕೇ 0.4 ಡಿಗ್ರಿ ಅಂತರ, ಆಫ್ ಆದ ಮೇಲೆ ಐದು ನಿಮಿಷ ಬಿಡುವು. ಸಾಲಿಡ್ ಸ್ಟೇಟ್ ರಿಲೇ ಹಾಕಲಿಲ್ಲ, ಅವು ಕೆಟ್ಟಾಗ ಸಾಮಾನ್ಯವಾಗಿ ಆನ್ ಆಗಿಯೇ ಉಳಿಯುತ್ತವೆ. ಬೋರ್ಡ್ ಏಳುವ ಕ್ಷಣದಲ್ಲಿ ರಿಲೇ ಟಕ್ ಅನ್ನದಂತೆ ಪಿನ್ನಿಗೆ ಒಂದು ರೆಸಿಸ್ಟರ್, ಪ್ರೋಗ್ರಾಂ ಸಿಕ್ಕಿಹಾಕಿಕೊಂಡರೆ ಎಬ್ಬಿಸಲು ವಾಚ್‌ಡಾಗ್. ಇಡೀ ಟ್ಯಾಂಕಿಗೆ, ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಏರ್ ಪಂಪ್ ಮಾತ್ರ ಬೇರೆ ಲೈನಿನಲ್ಲಿ, ಆರ್‌ಸಿಸಿಬಿ ಬಿದ್ದರೂ ಗಾಳಿ ನಿಲ್ಲಬಾರದು.

ಎಲ್ಲ ಮುಗಿದ ಮೇಲೆ ಟ್ಯಾಂಕಿಗೆ ಹಾಕುವ ಮೊದಲು ಬಕೆಟ್ ನೀರಿನಲ್ಲಿ ಕೆಡಿಸಿ ನೋಡುವ ಕೆಲಸ. ಇದನ್ನು ಮಗನಿಗೇ ವಹಿಸಿದೆ. ಸೆನ್ಸರ್ ಎತ್ತಿದ, ಮುಷ್ಟಿಯಲ್ಲಿ ಹಿಡಿದ, ವಯರ್ ಕಿತ್ತ, ಎರಡೂ ಸೆನ್ಸರ್ ಒಟ್ಟಿಗೆ ಹೊರಗಿಟ್ಟ, ರೂಟರ್ ಆಫ್ ಮಾಡಿದ, ಹೀಟರ್ ಉರಿಯುವಾಗಲೇ ರೀಸೆಟ್ ಒತ್ತಿದ. ರೂಟರ್ ಹೋದಾಗ ಒಂದು ದೋಷ ಸಿಕ್ಕಿತು. ಗ್ರಾಫ್ ಕಳಿಸುವ ಭಾಗ ಸರ್ವರಿನ ಉತ್ತರಕ್ಕೆ ಕಾಯುತ್ತ ಕೂತು, ಸೆನ್ಸರ್ ಓದುವುದನ್ನೇ ನಿಲ್ಲಿಸಿತ್ತು. ಆ ಕಾಯುವ ಹೊತ್ತಿನಲ್ಲಿ ರಿಲೇ ಹಿಂದಿನ ಸ್ಥಿತಿಯಲ್ಲೇ ಇತ್ತು, ಆನ್. ನೆಟ್ ಕೆಲಸವನ್ನು ಬೇರೆ ಟಾಸ್ಕಿಗೆ ಹಾಕಿ, ಒಂದು ನಿಮಿಷದಿಂದ ಹೊಸ ರೀಡಿಂಗ್ ಬರದಿದ್ದರೆ ಆಫ್ ಅನ್ನುವ ಸಾಲು ಸೇರಿಸಿದೆವು. ಕಾಗದದ ಮೇಲೆ ಇದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಬೇಸಿಗೆಯ ಲೆಕ್ಕ ಮಾತ್ರ ಬೇರೆ. ಏಪ್ರಿಲ್ ಮಧ್ಯಾಹ್ನ ಕೋಣೆಯೇ 33 ಇರುವಾಗ 100 ವ್ಯಾಟಿನ ಒಂದು ರಿಲೇ ಅಂಟಿಕೊಂಡರೆ 40 ದಾಟುತ್ತದೆ. ಆಗ ಆ ಥರ್ಮೋಸ್ಟಾಟ್ ಡಬ್ಬಿ ಮತ್ತು ಹೀಟರಿನ ತಿರುಗಣಿ ಎರಡೇ ಗತಿ. ಹೀಟರ್ ಬೇಕಿಲ್ಲದ ಕಾಲದಲ್ಲಿ ಅದನ್ನು ಯಾರೂ ನೋಡುವುದೂ ಇಲ್ಲ. ಹಾಗಾಗಿ ಹೋಳಿ ಮುಗಿದ ವಾರ ಎರಡೂ ಹೀಟರಿನ ಪ್ಲಗ್ ಕಿತ್ತಿಡುವುದು ಅಂತ ಮಾಡಿಕೊಂಡಿದ್ದಾರೆ. ಜುಲೈ ಮಳೆ ಹಿಡಿದು ಕೋಣೆ 25ಕ್ಕೆ ಬಂದಾಗ ಒಂದನ್ನು ಮಾತ್ರ ವಾಪಸ್ ಹಾಕುತ್ತಾರೆ. ಎರಡನೆಯದು ದೀಪಾವಳಿಯ ನಂತರ, ಮತ್ತೆ ಬಕೆಟ್ ಪರೀಕ್ಷೆ ಮಾಡಿ.